ಗೂಡಿಗೆ ಸಾಲದ ಗಂಡಭೇರುಂಡ

ಹೊಸಬೀಡು, ಫೆಬ್ರವರಿ ೩೦, ೨೩೪೧

ಹಳೆಯ ಕಾಲದ ಹೊಸಬೀಡಿನವರಿಗೆ,

ತಾರೀಖು ತಪ್ಪಿದೆ ಎಂದು ನಗಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ದಿನಗಳನ್ನು ಸಮನಾಗಿ ಹಂಚಿದ್ದಾರೆ. ನನ್ನ ಮಾತು ಒರಟಾಗಿ ಕೇಳಿಸಿದರೆ ಕ್ಷಮಿಸಿ, ನಿಮ್ಮ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ಈ ಪತ್ರವನ್ನು ಹಿಂದಿನ ಕಾಲಕ್ಕೆ ತಲುಪಿಸುತ್ತೇವೆ ಎಂದವರ ಮೇಲೂ ನನಗೆ ನಂಬಿಕೆಯಿಲ್ಲ, ಆದರೆ ಬೇರೆ ದಾರಿಯೂ ಇಲ್ಲ. ನಾನು ನೀಲಾಂಬಿಕೆ, ನಿಮ್ಮ ತಾಲ್ಲೂಕು ಕಚೇರಿಯ ಕಾವಲಿನವಳು. ಅನುಮಾನಪಡುವುದೇ ನನ್ನ ಕೆಲಸ.

ಕಚೇರಿಯ ಬಾಗಿಲ ಮೇಲೆ ಎರಕದ ಕಬ್ಬಿಣದ ಗಂಡಭೇರುಂಡವಿದೆಯಲ್ಲ, ಎರಡು ತಲೆಯ ಹಕ್ಕಿ, ಅಕ್ಕಪಕ್ಕ ಆನೆಮುಖದ ಸಿಂಹ? ನೀವು ಪಹಣಿ, ಸರ್ಟಿಫಿಕೇಟು ಎಂದು ಅದರ ಕೆಳಗೆ ತಲೆಯೆತ್ತದೆ ಓಡಾಡಿದಿರಿ. ನಮಗೆ ಅದೇ ದಿಕ್ಕು. ಯಾರ ಗಂಟಲನ್ನಾದರೂ ಯಂತ್ರ ನಕಲು ಮಾಡುವ ಹುಸಿದನಿ ನಿಮ್ಮ ಕಾಲದಲ್ಲೇ ಶುರುವಾಯಿತಂತೆ. ಅದು ಸಹಿ, ಚಿತ್ರ, ಕಾಗದ ಎಲ್ಲವನ್ನೂ ನುಂಗಿ ನೀರು ಕುಡಿಯಿತು. ಆಮೇಲೆ ಊರು ಕಟ್ಟಳೆ ಮಾಡಿಕೊಂಡಿತು: ಮದುವೆಯಾಗಲಿ, ಮನೆ ಮಾರಾಟವಾಗಲಿ, ಆ ಹಳೆಯ ಹಕ್ಕಿಯ ಕೆಳಗೆ ನಿಂತು ಬಾಯಾರೆ ಹೇಳಿದರೆ ಮಾತ್ರ ಮಾತು. ಇದನ್ನು ಹಕ್ಕಿಮಾತು ಎನ್ನುತ್ತೇವೆ. ಬೆಳಗಾದರೆ ಮೆಟ್ಟಿಲ ಮೇಲೆ ಜನ ಕಡಲೆಪುರಿ ತಿನ್ನುತ್ತಾ, ಕಿತ್ತಾಡುತ್ತಾ ಸರದಿಗೆ ಕಾಯುತ್ತಾರೆ. ಬಂದವರು ತಂದ ಎಳ್ಳೆಣ್ಣೆಯನ್ನು ತುಕ್ಕು ಹಿಡಿಯದಂತೆ ಹಕ್ಕಿಗೆ ಸವರುವವಳು ನಾನು.

ನನ್ನ ಮಗಳು ಸುವ್ವಿಯೂ ಹಕ್ಕಿಮಾತಿನಿಂದಲೇ ನನಗೆ ಸಿಕ್ಕವಳು. ಹೆತ್ತವರು ಜ್ವರದಲ್ಲಿ ಹೋದಾಗ ಅವಳ ಚಿಕ್ಕಪ್ಪ ಕೆಂಚರಾಯ ಕೂಸನ್ನು ನನ್ನ ಮಡಿಲಿಗೆ ಹಾಕಿ, "ಇವತ್ತಿಂದ ಇವ್ಳು ನಿನ್ ಮಗ್ಳು ಕಣಕ್ಕ" ಎಂದಿದ್ದ. ಈಗ ಹುಡುಗಿ ಮನೆಗೆಲಸಕ್ಕೆ ಬರುವಷ್ಟು ಬೆಳೆದಿದ್ದಾಳೆ. ಅತ್ತ ಪಕ್ಕದೂರಿನ ಹಕ್ಕಿ ನಕಲಿಯೆಂದು ಬಯಲಾಗಿ, ಅದರ ಕೆಳಗೆ ಆಡಿದ ಮಾತೆಲ್ಲ ಬಿದ್ದುಹೋಯಿತು. ಕೆಂಚರಾಯನಿಗೆ ಅವಳನ್ನು ವಾಪಸು ಕರೆದೊಯ್ಯುವ ಆಸೆ ಹುಟ್ಟಿದೆ. ಹಕ್ಕಿ ಅಸಲೋ ನಕಲಿಯೋ ಎಂದು ಅಳೆದು ಹೇಳುವ ಅಳತೆಯವರನ್ನು ಕರೆಸಿದ್ದಾನೆ. "ಹಕ್ಕಿ ಅಸ್ಲಾದ್ರೆ ನನ್ ಮಾತೂ ಅಸ್ಲು. ಇಲ್ದಿದ್ರೆ ನಾನು ಮಾತೇ ಆಡಿಲ್ಲ ಬಿಡಕ್ಕ" ಎಂದು ನಗುತ್ತಾನೆ. ಆ ನಗು ನೋಡಿದರೆ ನನ್ನ ಮೈ ಉರಿಯುತ್ತದೆ.

ಅವರಿಗಿಂತ ಮೊದಲು ನಾನೇ ಏಣಿ ಹತ್ತಿದೆ. ಹಕ್ಕಿಯ ಆಕಾರಕ್ಕೇ ಕಲ್ಲಿನಲ್ಲಿ ಗೂಡು ಕೊರೆದಿದ್ದಾರೆ. ಅಂಚಿಗೆ ಪೊರಕೆಕಡ್ಡಿ ಇಟ್ಟೆ. ಸಲೀಸಾಗಿ ಒಳಗೆ ಹೋಯಿತು. ಸುತ್ತಲೂ ಹಾಗೆಯೇ. ಎರಕದ ಕಬ್ಬಿಣ ಆರುವಾಗ ಕುಗ್ಗುತ್ತದೆ. ಅಸಲಿನ ಮೇಲೆ ಅಚ್ಚು ತೆಗೆದು ಎರೆದದ್ದು ಅಸಲಿಗಿಂತ ಒಂದಿಷ್ಟು ಚಿಕ್ಕದಾಗಿಯೇ ಬರುತ್ತದೆ. ನಾನು ಇಷ್ಟು ವರ್ಷ ಎಣ್ಣೆ ಸವರಿದ್ದು ನಕಲಿಗೆ. ಕೆಳಗಿಳಿದಾಗ ಸುವ್ವಿ ಕೇಳಿದಳು: "ಅವ್ವಾ, ಅಳತೆಯೋರು ಬಂದ್ರೆ ನಾನ್ ಎಲ್ಲಿಗ್ ಹೋಗ್ಬೇಕು?" ಏಣಿ ಒಳಗಿಟ್ಟು ನಾನು ಈ ಪತ್ರ ಬರೆಯಲು ಕೂತೆ.

ಇದು ನಿಮ್ಮದೇ ಕೈವಾಡ. ಬಣ್ಣ ಹೊಡೆಸುತ್ತೇವೆ, ರಿಪೇರಿ ಮಾಡಿಸುತ್ತೇವೆ ಎಂದು ಇಳಿಸಿದ್ದೀರಿ. ಅಸಲು ಯಾರದೋ ಬಂಗಲೆಯ ಹಜಾರಕ್ಕೆ ಹೋಗಿದೆ, ಹಳೇ ಸಾಮಾನಿನ ಶೋಕಿಯವರಿಗೆ. ನಕಲನ್ನು ನೋಡಿ ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ? ಕೇಳಿರಲಾರಿರಿ.

ಅಸಲನ್ನು ಇನ್ನೂ ಇಳಿಸಿಲ್ಲವಾದರೆ ಇಳಿಸಬೇಡಿ. ಆದರೆ ನಿಮ್ಮನ್ನು ನಾನು ನಂಬಲಾರೆ, ಆದ್ದರಿಂದ ಇನ್ನೊಂದು ಮಾತನ್ನೂ ಕೈಮುಗಿದು ಕೇಳುತ್ತೇನೆ. ನಕಲಿ ಕೂರಿಸಿದ ಮೇಲೆ ಸುತ್ತಲಿನ ಸಂದಿಗೆ ಗಾರೆ ಮೆತ್ತಿ, ಮೇಲೆ ಬಣ್ಣ ಬಳಿಯಿರಿ. ನಾನೇ ಮೆತ್ತಿದರೆ ಹೊಸ ಗಾರೆ ಅಳತೆಯವರ ಕಣ್ಣಿಗೆ ಬೀಳುತ್ತದೆ. ಮುನ್ನೂರು ವರ್ಷದ ಹಳೆಯ ಗಾರೆ ನಿಮ್ಮ ಕೈಯಿಂದ ಮಾತ್ರ ಸಾಧ್ಯ. ಮಾಡುವ ಮೋಸವನ್ನಾದರೂ ಅಚ್ಚುಕಟ್ಟಾಗಿ ಮಾಡಿ.

ಇಂತಿ,
ಸದ್ಯಕ್ಕೆ ಸುವ್ವಿಯ ತಾಯಿ,
ನೀಲಾಂಬಿಕೆ