ಕಾರ್ನೀಲಿಯಸ್ ರೋಚ್ ಹಾಕಿದ ಮತ

ಬಾಲ್ಟಿಮೋರ್, ೫ ನವೆಂಬರ್ ೧೮೮೪

ಲವೀನಾ ಅಕ್ಕನಿಗೆ,

ನಿನ್ನೆ ಇಲ್ಲಿ ಚುನಾವಣೆ. ಟ್ರಾಮ್ ಕುದುರೆಗಳ ಲಾಯದಲ್ಲಿ ನನಗೆ ಕೆಲಸ ಕೊಡಿಸಿದ ಪಕ್ಷದ ಮುಖಂಡ ಗೆರಿಟಿ, ಬೆಳಿಗ್ಗೆ ನಮ್ಮನ್ನೆಲ್ಲ ಕ್ಷೌರದಂಗಡಿಗೆ ಕರೆದೊಯ್ದ. ಲಾಯದಲ್ಲಿ ನನ್ನ ಜೊತೆ ದುಡಿಯುವ ಫಿನಿ ಮಾಮ ಎದೆಯುದ್ದದ ಗಡ್ಡದಲ್ಲಿ ಹೋಗಿ ಒಂದು ಮತ ಹಾಕಿದ. ಕೆನ್ನೆ ಬೋಳಿಸಿಕೊಂಡು ಬೇರೆ ಹೆಸರಲ್ಲಿ ಇನ್ನೊಂದು, ಬರೀ ಮೀಸೆಯಲ್ಲಿ ಮತ್ತೊಂದು. ಕ್ಷೌರದ ಖರ್ಚೆಲ್ಲ ಪಕ್ಷದ್ದು.

"ನಿಂಗೆ ಗಡ್ಡ ಇಲ್ಲ, ಒಂದೇ ಸಲ ಸಾಕು. ಹೆಸರು ಕೇಳಿದ್ರೆ ಕಾರ್ನೀಲಿಯಸ್ ರೋಚ್ ಅನ್ನು," ಎಂದ ಗೆರಿಟಿ.

"ಅವರು ಹೋದ ಚಳಿಗಾಲದಲ್ಲಿ ತೀರಿಕೊಂಡ್ರಲ್ಲ?"

"ಅದಕ್ಕೇ ಕಣೋ ನಿನ್ನ ಕಳಿಸ್ತಿರೋದು. ಪಾಪ, ಅವನಿಗೆ ಬರೋಕಾಗಲ್ಲ."

ಮತಪೆಟ್ಟಿಗೆಯ ಮುಂದೆ ಗುಮಾಸ್ತ ಹೆಸರು ಕೇಳಿದಾಗ ನನ್ನ ಹೆಸರನ್ನೇ ಹೇಳಿದೆ. ವಯಸ್ಸು ಹತ್ತೊಂಬತ್ತು ಎಂದೂ ಹೇಳಿದೆ; ಮತ ಹಾಕಲು ಇಪ್ಪತ್ತೊಂದು ತುಂಬಿರಬೇಕು. ಕೋಣೆಯೆಲ್ಲ ನಕ್ಕಿತು.

"ದೊಡ್ಡೋನಾದ ಮೇಲೆ ಬಾರಪ್ಪ," ಎಂದ ಗುಮಾಸ್ತ.

ಗೆರಿಟಿ ಮಾತ್ರ ನಗಲಿಲ್ಲ. "ಶಾಲೆ ಬಿಟ್ಟೋನು ಅಂತ ಕೆಲಸ ಕೊಡಿಸಿದ್ರೆ ಪಾದ್ರಿ ಥರ ಆಡ್ತೀಯಲ್ಲೋ! ನಾಳೆಯಿಂದ ಲಾಯದ ಕಡೆ ತಲೆ ಹಾಕಬೇಡ."

ನಾನು ಹೊರಡುವಾಗ ಫಿನಿ ಮಾಮ ಮೀಸೆಯನ್ನೂ ತೆಗೆಸಿಕೊಂಡು ಒಳಗೆ ಬಂದ. "ಕಾರ್ನೀಲಿಯಸ್ ರೋಚ್," ಎಂದ. ಗುಮಾಸ್ತ ತಲೆಯೆತ್ತದೆ ಗುರುತು ಹಾಕಿಕೊಂಡ.

ನಾನು ಆರೋಗ್ಯವಾಗಿದ್ದೇನೆ. ಗಡ್ಡ ಹೋದ ಫಿನಿ ಮಾಮನಿಗೆ ನೆಗಡಿಯಾಗಿದೆ. ನೀನು ಹೆಣೆದುಕೊಟ್ಟ ಮಫ್ಲರನ್ನು ಅವನಿಗೆ ಕೊಟ್ಟೆ. ಬಂದರಿನಲ್ಲಿ ಕೆಲಸ ಹುಡುಕುತ್ತಿದ್ದೇನೆ. ಈ ತಿಂಗಳು ಅಮ್ಮನಿಗೆ ಹಣ ಕಳಿಸಲಾಗದು. ಕೇಳಿದರೆ ಕಾಯಿಲೆ ಎಂದು ಹೇಳಬೇಡ, ನಡೆದದ್ದನ್ನೇ ಹೇಳು. ಈ ಅಂಚೆ ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಮ್ಮ,
ಏಸಾ