ಓ ನೆಗೆಟಿವ್ ಇರುವವರು ಮಾತ್ರ

ದೀಕ್ಷಿತಾ,

ಅತ್ತಿಗೆಗೆ ಹೆರಿಗೆ ಆಯ್ತು, ಹೆಣ್ಣು ಮಗು. ರಕ್ತ ತುಂಬಾ ಹೋಗಿದೆಯಂತೆ, ಓ ನೆಗೆಟಿವ್ ಬೇಕು ಅಂತ ಅಣ್ಣ ಫೋನ್ ಮಾಡಿದ್ದ. ಅಮ್ಮನೂ ನಾನೂ ಶಿರಸಿ ಆಸ್ಪತ್ರೆಗೆ ಹೊರಟೆವು. ನಮ್ಮಿಬ್ಬರದೂ ಬಿ ಪಾಸಿಟಿವ್, ಉಪಯೋಗವಿಲ್ಲ.

ಬಂದಕೂಡಲೇ ಕಂಪ್ಯೂಟರ್ ಹಚ್ಚು. ಪೈಥಾನ್ ಪ್ರೋಗ್ರಾಮಿಂಗ್ ಕಲಿಯುವಾಗ ನಿಮ್ಮ ಕಾಲೇಜಿನವರ ಹೆಸರು, ರಕ್ತದ ಗುಂಪು ಹಾಕಿ ಡಿಕ್ಷನರಿ ಅಂತ ಒಂದು ಪಟ್ಟಿ ಮಾಡಿದ್ದೆಯಲ್ಲ, ಅದನ್ನು ತೆಗೆ. ನಿನ್ನೆಯ ಹಾಗೆ ಒಬ್ಬೊಬ್ಬರನ್ನೇ ನೋಡುತ್ತ ಹೋಗುವ ಲೂಪಿನ ಒಳಗೇ ಬೇಡದವರನ್ನು ಅಳಿಸುತ್ತ ಹೋಗಬೇಡ. ಅದಕ್ಕೇ ಪ್ರೋಗ್ರಾಮು ಅರ್ಧಕ್ಕೆ ನಿಲ್ಲುವುದು, ಎಷ್ಟು ಸಲ ಹೇಳುವುದು ನಿನಗೆ. ಬೇರೆ ಖಾಲಿ ಡಿಕ್ಷನರಿ ಮಾಡಿಕೊಂಡು, ಒಬ್ಬೊಬ್ಬರ ಗುಂಪು ನೋಡಿ, ಓ ನೆಗೆಟಿವ್ ಇದ್ದವರನ್ನು ಮಾತ್ರ ಅದಕ್ಕೆ ಹಾಕು. ಹಳೆಯದು ಹಾಗೇ ಇರಲಿ, ನಾಳೆ ಮತ್ಯಾರಿಗೋ ಬೇಕಾದೀತು. ಸಿಕ್ಕವರಿಗೆಲ್ಲ ಫೋನ್ ಮಾಡಿ, ಶಿರಸಿ ಬಸ್ಸು ಹತ್ತಲು ಹೇಳು.

ಇನ್ನೊಂದು ಮಾತು. ಅದರಲ್ಲಿ ನಿನ್ನ ಹೆಸರನ್ನು ನೀನು ಹಾಕಲೇ ಇಲ್ಲ. ನಿನ್ನದೂ ಓ ನೆಗೆಟಿವ್ ಅಂತ ನನಗೆ ಗೊತ್ತು. “ಅದು ಸೂಜಿಗೆ ಹೆದರ್ತು, ಹೇಳಡ” ಅಂದಳು ಅಮ್ಮ. ಆದರೂ ಹೇಳುತ್ತಿದ್ದೇನೆ. ಅನ್ನ, ತಂಬುಳಿ ಮುಚ್ಚಿಟ್ಟಿದ್ದೇನೆ, ಉಂಡು ನೀನೂ ಬಾ. ಚುಚ್ಚುವಾಗ ಆ ಕಡೆ ನೋಡಬೇಡ, ನನ್ನ ಹತ್ತಿರ ಮಾತಾಡುತ್ತಿರು.

ಅಕ್ಕ