ಜರಡಿಯಲ್ಲಿ ನೀರು ತರಿಸಿದವಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಗುಂಡುಸೂಜಿಗೆ,

ಅಮ್ಮನಿಂದ ಒಂದು ಮುತ್ತು, ಅಪ್ಪನಿಂದ ಒಂದು ಆಕಳಿಕೆ. ಊಟ ಮುಗಿಸಿ ಸೋಫಾದ ಮೇಲೆ ಉರುಳಿಕೊಂಡಿದ್ದಾರೆ, ಇನ್ನೇನು ಗೊರಕೆ ಶುರುವಾಗುತ್ತದೆ. ಅವರು ಏಳುವಷ್ಟರಲ್ಲಿ ಇದನ್ನು ಬರೆದುಬಿಡೋಣ ಅಂತ ಕೂತೆ. ಫೋನಿನಲ್ಲಿ ಕೇಳಿದರೆ ನಾನು ಬರೀ ಹೂಂ ಹೂಂ ಅನ್ನುತ್ತೇನೆ, ಅದಕ್ಕೇ ಬರೆದು ಕಳಿಸು ಅಂದೆಯಲ್ಲ, ಬರೆಯುತ್ತಿದ್ದೇನೆ. ಓದಿ ಮುಗಿಸಿದ ಮೇಲೆ ಫೋನೇ ಎಷ್ಟೋ ವಾಸಿ ಅಂತ ನಿನಗೆ ಅನ್ನಿಸಬಹುದು.

ನೀನು ಕಳಿಸಿದ ಪೊಟ್ಟಣ ಬಂದು ವಾರವಾಯಿತು. ಬಿಚ್ಚಿದರೆ ಕಾರ್ಡುಗಳು. ನಿಮ್ಮಪ್ಪ ಇಸ್ಪೀಟು ಅಂದುಕೊಂಡು ಕಾಲು ಮಡಚಿ ಕೂತು ಹಂಚಿಯೇ ಬಿಟ್ಟರು. ಅವರ ಕೈಗೆ ತಲೆಕೆಳಗಾಗಿ ನೇತಾಡುವ ಒಂದು ದೆವ್ವ, ಬಾಗಿಲು ನೋಡಿಕೋ ಅಂದದ್ದಕ್ಕೆ ಬಾಗಿಲನ್ನೇ ಹೊತ್ತುಕೊಂಡು ಹೊರಟ ಒಬ್ಬ ಪೆದ್ದ, ಗಿಳಿಯೊಳಗೆ ಪ್ರಾಣ ಇಟ್ಟ ಒಬ್ಬ ರಾಕ್ಷಸ ಬಂದರು. ಇದರಲ್ಲಿ ರಮ್ಮಿ ಆಗೋದು ಹೆಂಗೆ ಮಾರಾಯ್ತಿ ಅಂತ ನನ್ನನ್ನು ಕೇಳಿದರು. ಆಗುವುದಿಲ್ಲ, ಇದು ಟ್ಯಾರೋ, ಜಾನಪದ ಕಥೆಗಳ ಟ್ಯಾರೋ, ಇದರಲ್ಲಿ ಮನಸ್ಸಿನ ಪ್ರಶ್ನೆ ಕೇಳುತ್ತಾರಂತೆ ಅಂದೆ. ಹಾಗಾದ್ರೆ ರಾತ್ರಿಗೆ ಏನು ಅಡುಗೆ ಅಂತ ಕೇಳು ಅಂತ ಹೇಳಿ ಎದ್ದು ಹೋದರು.

ಜೊತೆಯಲ್ಲಿದ್ದ ಪುಸ್ತಿಕೆಯನ್ನು ಕನ್ನಡಕ ಹಾಕಿಕೊಂಡು ಓದಿದೆ. ಹೊಸ ಕಾರ್ಡುಗಳ ಪರಿಚಯ ಮಾಡಿಕೊಳ್ಳಬೇಕಂತೆ. ದಿನಕ್ಕೊಂದು ತೆಗೆದು, ಮುಂದೆ ಇಟ್ಟುಕೊಂಡು, ನೀನು ಯಾರು ಅಂತ ಕೇಳಬೇಕಂತೆ. ಹೊಸ ಸೊಸೆ ಮನೆಗೆ ಬಂದಾಗಲೂ ಯಾರೂ ಇಷ್ಟು ಮರ್ಯಾದೆಯಿಂದ ಮಾತಾಡಿಸುವುದಿಲ್ಲ. ಇರಲಿ ಅಂತ ನನ್ನ ಹೊಲಿಗೆ ಅಂಗಡಿಗೆ ಒಯ್ದು ಗುಂಡಿಗಳ ಡ್ರಾಯರಿನಲ್ಲಿಟ್ಟೆ. ಪ್ಯಾಂಟಿನ ಅಂಚು ಬಿಚ್ಚುವ ಕೆಲಸ ಶುರುಮಾಡುವ ಮುಂಚೆ ದಿನಾ ಒಂದು ತೆಗೆದು ನೋಡುತ್ತಿದ್ದೆ. ದೆವ್ವದ ಕಾರ್ಡಿನ ಮೂಲೆ ಮಡಚಿತ್ತು ಅಂತ ಮೇಲೊಂದು ಬಟ್ಟೆ ಹಾಕಿ ಇಸ್ತ್ರಿ ಎಳೆದೆ, ಹೊಳಪೆಲ್ಲ ಹೋಗಿ ಸುರುಟಿಕೊಂಡಿತು. ಬೈಯಬೇಡ. ಈಗ ಅದು ಮೊದಲಿಗಿಂತ ಹೆಚ್ಚು ದೆವ್ವದ ಹಾಗೆ ಕಾಣುತ್ತದೆ.

ಗಡಿಗೆ, ಕೋಲು, ನಾಣ್ಯ, ಕತ್ತರಿ ಅಂತ ನಾಲ್ಕು ಬಗೆ. ಬೇರೆ ಟ್ಯಾರೋಗಳಲ್ಲಿ ಕತ್ತಿ ಇರುವ ಕಡೆ ಇದರಲ್ಲಿ ಕತ್ತರಿ. ಅಷ್ಟರಮಟ್ಟಿಗೆ ನನಗೂ ಇದಕ್ಕೂ ನೆಂಟಸ್ತಿಕೆ ಕೂಡಿಬಂತು ಅಂದುಕೊಂಡೆ. ಆದರೆ ಕತ್ತರಿ ರಾಣಿ ಬಂದ ದಿನ ಕೈಯಲ್ಲಿದ್ದ ಪ್ಯಾಂಟನ್ನು ಪಕ್ಕಕ್ಕಿಟ್ಟೆ. ಬಾಗಿಲಲ್ಲಿ ನಿಂತು ಒಂದು ಪುಟ್ಟ ಹುಡುಗಿಯ ಕೈಗೆ ಜರಡಿ ಕೊಡುತ್ತಿದ್ದಾಳೆ, ಬಾವಿಯಿಂದ ಇದರಲ್ಲಿ ನೀರು ತಾ ಅಂತ. ಸೊಂಟದಲ್ಲಿ ಕತ್ತರಿ. ಅದರ ಎರಡು ಹಿಡಿಕೆಯೂ ಒಂದೇ ಅಳತೆ, ಅಂಥದ್ದರಲ್ಲಿ ದಪ್ಪ ಬಟ್ಟೆ ಕತ್ತರಿಸಿದರೆ ಹೆಬ್ಬೆರಳಿಗೆ ಬೊಬ್ಬೆ ಬರುತ್ತದೆ; ಚಿತ್ರ ಬರೆದವರು ಜನ್ಮದಲ್ಲಿ ಹೊಲಿಗೆ ಕಂಡವರಲ್ಲ. ಕೆಳಗೆ ಅಚ್ಚಾಗಿದ್ದ ಹೆಸರು, ಮಲತಾಯಿ.

ಪೊಟ್ಟಣದಲ್ಲಿಟ್ಟಿದ್ದ ಚೀಟಿಯಲ್ಲಿ ನೀನು ಇದನ್ನೇ ಕೇಳಿದ್ದೆ. ಜರಡಿಯಲ್ಲಿ ನೀರು ತರಿಸಿದವಳು ಪಕ್ಕದ ಮನೆಯವಳಲ್ಲವಾ ಅಮ್ಮ, ಇದರಲ್ಲಿ ಮಲತಾಯಿ ಅಂತ ಹಾಕಿದ್ದಾರೆ, ತಪ್ಪು ಅಚ್ಚಾಗಿದೆಯಾ ಇಲ್ಲ ನೀನೇ ಬದಲಾಯಿಸಿದ್ದೆಯಾ ಅಂತ. ಕೆಳಗೆ, ಏನೋ ನೆನಪಾದವಳ ಹಾಗೆ ಇನ್ನೊಂದು ವಿಷಯ. ಕನ್ನಡಕದ ಅಂಗಡಿಯವರು ನಿನ್ನನ್ನು ಮದುವೆಯಾಗುತ್ತೀಯಾ ಅಂತ ಕೇಳಿದ್ದಾರೆ, ಅವರ ಹೆಂಡತಿ ತೀರಿಕೊಂಡು ಎರಡು ವರ್ಷವಾಗಿದೆ, ಐದು ವರ್ಷದ ಮಗಳಿದ್ದಾಳೆ, ನೀನು ಹೋದಾಗಲೆಲ್ಲ ಆ ಮಗು ಗೋಡೆಯ ಕಡೆ ತಿರುಗಿ ಕೂರುತ್ತದೆ. ನನಗಾಗಿ ಒಂದು ಕಾರ್ಡು ತೆಗೆದು ಹೂಂ ಅನ್ನಲೋ ಬೇಡ ಅನ್ನಲೋ ಬರಿ ಅಂದಿದ್ದೀಯ. ಆಸ್ಪತ್ರೆಯಲ್ಲಿ ಜನರ ಮುರಿದ ಕಾಲಿಗೆ ನಡಿಗೆ ಕಲಿಸುವವಳು ನೀನು, ನಿನ್ನ ಬದುಕಿನ ತೀರ್ಮಾನವನ್ನು ಗುಂಡಿಯ ಡ್ರಾಯರಿಗೆ ಬಿಟ್ಟಿದ್ದೀಯಲ್ಲ!

ಮೊದಲು ಸುಲಭದ ಪ್ರಶ್ನೆ. ಅಚ್ಚು ಸರಿಯಾಗಿಯೇ ಇದೆ. ಆ ಕಥೆಯಲ್ಲಿರುವುದು ಮಲತಾಯಿಯೇ, ನಾನು ಕೇಳಿ ಬೆಳೆದದ್ದೂ ಹಾಗೆಯೇ. ನಾನು ಈ ಮನೆಗೆ ಬಂದಾಗ ನಿನಗೆ ನಾಲ್ಕು ವರ್ಷ. ನಿನ್ನನ್ನು ಹೆತ್ತವಳು ನಾನಲ್ಲ ಅಂತ ನಿನಗೂ ಗೊತ್ತು, ಓಣಿಗೆಲ್ಲ ಗೊತ್ತು. ನಿನ್ನನ್ನು ಮಡಿಲಲ್ಲಿ ಕೂರಿಸಿಕೊಂಡು ಆ ಮಾತನ್ನು ಯಾವ ಬಾಯಿಂದ ಹೇಳಲಿ? ಉದ್ದವಾದ ಅಂಚನ್ನು ಒಳಗೆ ಮಡಚಿ ಹೊಲಿಯುವ ಹಾಗೆ ಮಲತಾಯಿಯನ್ನು ಒಳಗೆ ಮಡಚಿದೆ, ಹೊರಗೆ ಪಕ್ಕದ ಮನೆಯವಳನ್ನು ಬಿಟ್ಟೆ. ಎಲ್ಲ ಕಥೆಯಲ್ಲೂ ಅಷ್ಟೆ. ಪಾಪ, ನಮ್ಮ ಪಕ್ಕದ ಮನೆಯಾಕೆ ಬಿಸ್ಕತ್ತು ಹಿಡಿದು ಕರೆದರೂ ನೀನು ನನ್ನ ಸೆರಗಿನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದೆ. ಮಗು ಯಾಕೆ ನನ್ನ ಕಂಡ್ರೆ ಹಂಗೆ ಹೆದರುತ್ತೆ ಅಂತ ಆಕೆ ಕೇಳಿದಾಗ, ಹಲ್ಲು ನೋಯ್ತಿದೆ ಅಂದಿದ್ದೆ. ಅದರಲ್ಲಿ ತಪ್ಪು ಮಾಡಿದೆ ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ.

ಇನ್ನು ಕಷ್ಟದ ಪ್ರಶ್ನೆ. ಗುರುವಾರ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತು ನೋಡಿ ನಿನಗಾಗಿ ಒಂದು ಕಾರ್ಡು ತೆಗೆದೆ. ಬಾಗಿಲು ಹೊತ್ತ ಪೆದ್ದ ಬಂದ. ಪುಸ್ತಿಕೆಯಲ್ಲಿ ‘ಹೊಸ ದಾರಿ, ಧೈರ್ಯವಾಗಿ ಹೆಜ್ಜೆ ಇಡು’ ಅಂತಿತ್ತು.

ಇಲ್ಲ, ಮೇಲಿನದು ಸುಳ್ಳು. ಹೊಡೆದು ಹಾಕಿದರೆ ಕಾಗದ ಕೊಳಕಾಗುತ್ತದೆ ಅಂತ ಹಾಗೇ ಬಿಟ್ಟಿದ್ದೇನೆ. ಮೊದಲು ಬಂದವಳು ಕತ್ತರಿ ರಾಣಿ. ಬೆಂಕಿ ಮುಟ್ಟಿದವಳ ಹಾಗೆ ಅದನ್ನು ಕಟ್ಟಿನೊಳಗೆ ತುರುಕಿ ಮತ್ತೊಂದು ತೆಗೆದೆ, ಆಗ ಪೆದ್ದ ಬಂದದ್ದು. ನಮ್ಮ ಇಸ್ತ್ರಿಯ ಅಣ್ಣ ನೋಡಿಬಿಟ್ಟ. ಅಕ್ಕಾ, ಮೋಸ ಮಾಡ್ಬಾರ್ದು, ಮೊದ್ಲು ಬಂದಿದ್ದೇ ಲೆಕ್ಕ ಅಂದ. ನಿನ್ನ ಕೆಲಸ ನೋಡಪ್ಪ, ಕಾಲರ್ ಸುಟ್ಟೀತು ಅಂದೆ. ಆದರೆ ಅವನ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು.

ಸಂಜೆ ಮನೆಯಲ್ಲಿ ಊಟದ ಮೇಜಿನ ಮೇಲೆ ಚೆನ್ನಾಗಿ ಕಲಸಿ ಮತ್ತೆ ತೆಗೆದೆ. ಮತ್ತೆ ಅವಳೇ! ಕಕ್ಕಾಬಿಕ್ಕಿಯಾಗಿ ಪುಸ್ತಿಕೆ ತೆರೆದೆ. ನೆಟ್ಟಗೆ ಬಿದ್ದರೆ ಹೊಟ್ಟೆಕಿಚ್ಚು, ಕಠಿಣ ಮನಸ್ಸು. ತಲೆಕೆಳಗಾಗಿ ಬಿದ್ದರೆ ತಡವಾಗಿ ಅರ್ಥವಾಗುವ ಪ್ರೀತಿ. ನನಗೆ ನೆಟ್ಟಗೇ ಕಾಣುತ್ತಿದ್ದಳು. ಎದುರಿಗೆ ಕೂತಿದ್ದ ನಿಮ್ಮಪ್ಪ, ನನ್ನ ಕಡೆಯಿಂದ ತಲೆಕೆಳಗಾಗಿದೆಯಲ್ಲೇ ಅಂದರು. ಯಾರ ಕಡೆಯಿಂದ ನೋಡಬೇಕು ಅಂತ ಪುಸ್ತಿಕೆಯಲ್ಲಿ ಎಲ್ಲಿಯೂ ಬರೆದಿಲ್ಲ. ಪ್ರಶ್ನೆ ನಿನ್ನದು, ತೆಗೆದದ್ದು ನಾನು, ನೋಡುತ್ತಿರುವವರು ಅವರು. ಅಲ್ಲಿಗೆ ನನಗೆ ತಲೆಬುಡ ಒಂದೂ ತಿಳಿಯದಾಯಿತು. ಅವಳು ಬಂದದ್ದು ನೀನು ಮುಂದೆ ಆಗುವವಳು ಅಂತಲೋ, ನಾನು ಇಷ್ಟು ವರ್ಷ ಆಗಿದ್ದವಳು ಅಂತಲೋ, ಅದೂ ಗೊತ್ತಾಗಲಿಲ್ಲ.

ನಿನಗೆ ಬೇಡ ಅನ್ನು ಅಂತ ಬರೆಯಲು ಕೂತರೆ, ನಿನ್ನ ಜೊತೆ ಕಳೆದ ಬದುಕನ್ನೇ ಬೇಡ ಅಂದ ಹಾಗಾಗುತ್ತದೆ. ಹೂಂ ಅನ್ನು ಅಂತ ಬರೆದರೆ, ನಾನು ಪಟ್ಟ ಭಯದೊಳಗೆ ನಿನ್ನನ್ನು ನಾನೇ ತಳ್ಳಿದ ಹಾಗಾಗುತ್ತದೆ. ಭಯವೇ ಅದು, ಕಣೇ. ನಿನ್ನ ತಲೆ ಬಾಚುವಾಗ ಸಿಕ್ಕು ಎಳೆದು ನೀನು ಅಯ್ಯೋ ಅಂದರೆ ನಾನು ಮೊದಲು ನೋಡುತ್ತಿದ್ದದ್ದು ಕಿಟಕಿಯ ಕಡೆ, ಯಾರಿಗಾದರೂ ಕೇಳಿಸಿತೇ ಅಂತ. ಹೆತ್ತವಳು ಗದರಿದರೆ ಅದು ಗದರಿಕೆ. ನಾನು ಗದರಿದರೆ ಓಣಿಯಲ್ಲಿ ಅದೊಂದು ಕಥೆಯಾಗುತ್ತಿತ್ತು. ನಿನಗೆ ಜ್ವರ ಬಂದರೆ ನನ್ನ ಕೈಯಡುಗೆಯ ಮೇಲೆ ನನಗೇ ಅನುಮಾನ. ಸರಿಯಾಗಿ ಸಿಟ್ಟು ಮಾಡಿಕೊಳ್ಳುವ ಸುಖವೂ ನನಗೆ ಬಹಳ ದಿನ ಸಿಗಲಿಲ್ಲ. ನೀನು ಹೈಸ್ಕೂಲಿನಲ್ಲಿದ್ದಾಗ ನನ್ನ ಒಳ್ಳೆಯ ಕತ್ತರಿಯಲ್ಲಿ ರಟ್ಟು ಕತ್ತರಿಸಿ ಮೊಂಡು ಮಾಡಿದೆಯಲ್ಲ, ಅವತ್ತು ಮೊದಲ ಸಲ ಮನೆ ಹಾರಿಹೋಗುವ ಹಾಗೆ ಕೂಗಾಡಿದೆ. ನೀನೂ ಅಷ್ಟೇ ಜೋರಾಗಿ ಕೂಗಿದೆ. ಆಮೇಲೆ ನಾನು ಅಡುಗೆಮನೆಗೆ ಹೋಗಿ ಸಂತೋಷಕ್ಕೆ ಅತ್ತೆ. ನಿಮ್ಮಪ್ಪ ಕತ್ತರಿಗಾಗಿ ಅಳುತ್ತಿದ್ದೇನೆ ಅಂದುಕೊಂಡು ಹೊಸದು ತಂದುಕೊಟ್ಟರು.

ಇದೆಲ್ಲ ಓದಿ ನಿನಗೆ ಏನು ತೋಚುತ್ತದೋ ನನಗೆ ಗೊತ್ತಿಲ್ಲ. ನನಗಂತೂ ಬರೆದಷ್ಟೂ ಗೊಂದಲ. ನೀನು ಕೇಳಿದ್ದು ಒಂದು ಮಾತಿನ ಉತ್ತರ, ಅದೊಂದನ್ನು ಬಿಟ್ಟು ಬೇರೆಲ್ಲ ಬರೆದಿದ್ದೇನೆ. ಆ ಕನ್ನಡಕದವರು ಒಳ್ಳೆಯವರೇ ಇರಬೇಕು, ಇಲ್ಲದಿದ್ದರೆ ನೀನು ಕೇಳುತ್ತಲೇ ಇರಲಿಲ್ಲ. ನಿನ್ನ ಅಳುಕು ಅವರ ಬಗ್ಗೆ ಅಲ್ಲ, ಗೋಡೆಗೆ ತಿರುಗಿ ಕೂರುವ ಆ ಮಗುವಿನ ಬಗ್ಗೆ ಅಂತ ನನಗೆ ಗೊತ್ತು. ಗೊತ್ತಿದ್ದೂ ಹೇಳಲು ಬರುತ್ತಿಲ್ಲ. ನಿದ್ದೆಗೆಡಬೇಡ, ಹೊತ್ತಿಗೆ ಸರಿಯಾಗಿ ತಿನ್ನು.

ಇಂತಿ,
ಇನ್ನೂ ಆ ರಾಣಿಯನ್ನು ಅತ್ತ ಇತ್ತ ತಿರುಗಿಸಿ ನೋಡುತ್ತಿರುವ
ನಿನ್ನ ಅಮ್ಮ

ಮರೆತ ಮಾತು: ಹೂಂ ಅನ್ನು. ನಿಮ್ಮಪ್ಪ ಎದ್ದರು, ಟೀ ಕುಡಿಯುತ್ತಾ ಈ ಕಾಗದ ಓದಿದರು. ಓದಿ, ಕಥೆ ಬದಲಾಯಿಸಿದ್ದು ನೀನಲ್ವಲ್ಲೇ, ಅವತ್ತು ನಾನು ಬಾಗಿಲಲ್ಲೇ ನಿಂತಿದ್ದೆ, ಯಾಕೆ ಸುಳ್ಳು ಬರೀತೀಯ ಅಂದರು. ಅದೊಂದು ನೆನಪನ್ನು ಯಾರಿಗೂ ಕೊಡದೆ ನನಗೇ ಅಂತ ಇಟ್ಟುಕೊಂಡಿದ್ದೆ, ಈಗ ನಿನಗೆ ಬೇಕಾಗಿದೆ. ನಾನು ಬಂದ ಹೊಸದು. ನೀನೂ ಗೋಡೆಗೆ ತಿರುಗಿಯೇ ಕೂರುತ್ತಿದ್ದೆ. ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ ನಿನ್ನನ್ನು ಕರೆದು, ಮಲತಾಯಿ ಬಂದಿದ್ದಾಳೆ, ಹುಷಾರು ಮರಿ ಅಂದದ್ದು ನನ್ನ ಕಿವಿಗೂ ಬಿದ್ದಿತ್ತು. ಅವತ್ತು ರಾತ್ರಿ ನಿನ್ನನ್ನು ಮಲಗಿಸಲು ಏನು ಹೇಳಬೇಕೋ ತೋಚದೆ ನನಗೆ ಬರುತ್ತಿದ್ದ ಒಂದೇ ಒಂದು ಕಥೆ ಶುರುಮಾಡಿದೆ. ಒಂದೂರಿನಲ್ಲಿ ಒಬ್ಬ ಹುಡುಗಿ, ಅವಳ ಕೈಗೆ ಜರಡಿ ಕೊಟ್ಟು ನೀರು ತಾ ಅಂದವಳು ಯಾರಪ್ಪಾ ಅಂದರೆ, ಅಂತ ಹೇಳಿ ಅಲ್ಲಿಗೆ ನಿಂತೆ. ನಿನ್ನ ಹೊದಿಕೆಯನ್ನು ಎಳೆದು ಸರಿಮಾಡತೊಡಗಿದೆ. ನೀನು ಗೋಡೆಯಿಂದ ಇತ್ತ ತಿರುಗಿ ನನ್ನ ಮುಖವನ್ನೇ ನೋಡಿದೆ. ಪಕ್ಕದ್ಮನೆಯವ್ಳು ಅಂತ ನೀನೇ ಅಂದೆ. ಗೊತ್ತಿದ್ದು ಅಂದೆಯೋ, ಬಾಯಿಗೆ ಬಂದದ್ದು ಅಂದೆಯೋ, ನನಗೆ ಇವತ್ತಿಗೂ ತಿಳಿಯದು. ಆಮೇಲೆ ನೀನು ನನ್ನ ಕೈ ಅಲ್ಲಾಡಿಸಿ, ಅಲ್ಲಿಯವರೆಗೆ ನನ್ನನ್ನು ಏನೆಂದೂ ಕರೆಯದಿದ್ದವಳು, ಮುಂದೆ ಹೇಳಮ್ಮಾ ಅಂದೆ.